ಕೆಳಗಿನ ಮೆಟ್ಟಿಲು

ಸಾಂಗಲಿಯ ಅರಿಶಿನ ಪೇಟೆಯಲ್ಲಿ ಅಪ್ಪಣ್ಣಕಾಕಾರಿಗೆ ಇಲ್ಲ ಅಂದವರನ್ನು ನಾನಂತೂ ಕಂಡಿಲ್ಲ. ಅವರು ಗದರುವವರಲ್ಲ, ಕೆಟ್ಟ ಮಾತು ಆಡುವವರಲ್ಲ. ಎದುರಿಗೆ ಕೂಡ್ರಿಸಿಕೊಂಡು, ಚಹಾ ತರಿಸಿ, ಮೆಲ್ಲಗೆ ಕೆಲಸ ಹೇಳುತ್ತಾರೆ. ಹೇಳಿದ ಮೇಲೆ, 'ಆಗೂದಿದ್ರ ಮಾಡು, ಇಲ್ಲಂದ್ರ ಬಿಡು' ಅಂತ ಸೇರಿಸುತ್ತಾರೆ. ಇಷ್ಟು ಒಳ್ಳೆಯ ಮನುಷ್ಯನ ಮುಖ ನೋಡಿ ಆಗುವುದಿಲ್ಲ ಅನ್ನುವುದು ಹೇಗೆ? ಅವರ ಸೊಸೆ ಸುಮನಳಿಗೆ ಹನ್ನೆರಡು ವರ್ಷಗಳಿಂದ ಅದು ಸಾಧ್ಯವಾಗಿರಲಿಲ್ಲ.

ಸುಮನ ಮಿರಜಿನ ಒಂದು ಮರಾಠಿ ಶಾಲೆಯಲ್ಲಿ ಹತ್ತನೆಯ ಇಯತ್ತೆಗೆ ವಿಜ್ಞಾನ ಕಲಿಸುತ್ತಾಳೆ. 'ನಮ್ಮ ಸೊಸಿ ನೌಕರಿ ಮಾಡ್ತಾಳ್ರಿ, ನಮ್ಮ ಮನಿಯವರ ಮಾಡು ಅಂದ್ರು' ಎಂದು ಅತ್ತೆ ನೀಲಾಬಾಯಿ ಮನೆಗೆ ಬಂದ ನೆಂಟರಿಗೆಲ್ಲ ಅಭಿಮಾನದಿಂದ ಹೇಳುತ್ತಾರೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಸುಮನ ತನ್ನ ಪಗಾರದ ನೌಕರಿಯನ್ನು ಯಾರೋ ಕೊಟ್ಟ ಸೀರೆಯ ಹಾಗೆ ಮಡಿಚಿ ಇಟ್ಟುಕೊಳ್ಳಬೇಕಾಗುತ್ತಿತ್ತು.

ಶಾಲೆಗೆ ಅವಳ ಜೊತೆ ಅದೇ ಬಸ್ಸಿನಲ್ಲಿ ಪ್ರಣಾಲಿ ಹೋಗುತ್ತಿದ್ದಳು. ಹತ್ತನೆಯ ಇಯತ್ತೆಯ ಹುಡುಗಿ. ಅಪ್ಪ ಶಿದ್ರಾಮ ಅಪ್ಪಣ್ಣಕಾಕಾರ ಗೋದಾಮಿನಲ್ಲಿ ಹಮಾಲ, ತಾಯಿ ಸೀತವ್ವ ಅಲ್ಲೇ ಅರಿಶಿನ ಆರಿಸುತ್ತಾಳೆ. ಅಥಣಿ ಕಡೆಯಿಂದ ದುಡಿಯಲು ಬಂದವರು. ಗೋದಾಮಿನ ಹಿಂದಿನ ಖೋಲಿಯಲ್ಲಿ, ಬುದ್ಧನ ಪಟದ ಕೆಳಗೆ, ಹದಿನೆಂಟು ವರ್ಷದಿಂದ ಇದ್ದಾರೆ. ಹುಡುಗಿ ಚುರುಕಾಗಿದ್ದಾಳೆಂದು ಸುಮನಳೇ ಹಟ ಹಿಡಿದು ಅವಳನ್ನು ತನ್ನ ಶಾಲೆಗೆ ಸೇರಿಸಿದ್ದಳು. ಬಸ್ಸಿನಲ್ಲಿ ಪಕ್ಕಕ್ಕೇ ಕೂಡ್ರಿಸಿಕೊಳ್ಳುತ್ತಿದ್ದಳು.

ಜುಲೈಯಲ್ಲಿ ಸುಮನ ಜೀವವಿಕಾಸದ ಪಾಠ ಮಾಡಿದಳು. ಮರಾಠಿಯಲ್ಲಿ ಅದಕ್ಕೆ ಉತ್ಕ್ರಾಂತಿ ಅನ್ನುತ್ತಾರೆ. ಬೋರ್ಡಿನ ತುಂಬ ಒಂದು ಮರ ಬರೆದು, ಒಂದು ಟೊಂಗೆಯ ಮೇಲೆ ಮಂಗ, ಇನ್ನೊಂದರ ಮೇಲೆ ಮನುಷ್ಯ, ಎರಡಕ್ಕೂ ಬುಡ ಒಂದೇ ಎಂದು ತೋರಿಸಿದಳು. ಇದು ಮೆಟ್ಟಿಲಲ್ಲ, ಒಬ್ಬರ ತಲೆಯ ಮೇಲೆ ಕಾಲಿಟ್ಟು ಇನ್ನೊಬ್ಬರು ಹತ್ತಿದ್ದಲ್ಲ ಎಂದಳು. ಅಂದು ಬಸ್ಸಿನಲ್ಲಿ ಪ್ರಣಾಲಿ ಕೇಳಿದಳು.

'ಮ್ಯಾಡಮ್, ಹಂಗಾರ ಕೆಳಗ ಯಾರೂ ಇಲ್ಲೇನ್ರಿ?'

'ಯಾರೂ ಇಲ್ಲ.'

'ಖರೇನ?'

'ಪುಸ್ತಕದಾಗ ಐತಲಾ. ಖರೇನ.'

ಹುಡುಗಿ ಅದನ್ನು ಮನೆಗೆ ಒಯ್ದು ಅಪ್ಪನ ಮುಂದೆ ಹೇಳಿದಳಂತೆ. ಶಿದ್ರಾಮ ಮರುದಿನ ಗೋದಾಮಿನ ಬಾಗಿಲಲ್ಲಿ ಸುಮನಳನ್ನು ಕಂಡು, 'ವೈನಿ, ನಮ್ಮ ಹುಡಿಗಿಗೆ ಭಾಳ ಛಲೋ ಪಾಠಾ ಹೇಳೀರಿ' ಅಂದಿದ್ದ. ಅಷ್ಟು ಒಳ್ಳೆಯ ಶಹಬ್ಬಾಸ್‌ಗಿರಿ ಸುಮನಳಿಗೆ ಹೆಡ್ ಮಾಸ್ತರರಿಂದಲೂ ಸಿಕ್ಕಿರಲಿಲ್ಲ.

ಆ ವರ್ಷ ಅಪ್ಪಣ್ಣಕಾಕಾ ಓಣಿಯ ಗಣೇಶ ಮಂಡಳದ ಅಧ್ಯಕ್ಷರಾದರು. ಗಣಪತಿ ಹಬ್ಬಕ್ಕೆ ಮಿರಜಿನಲ್ಲಿ ಕಟ್ಟುವ ಸ್ವಾಗತ ಕಮಾನು ನೋಡಲು ಊರೂರಿನ ಜನ ಮುಗಿಬೀಳುತ್ತಾರೆ, ನಮ್ಮ ಓಣಿಯ ಕಡೆ ಯಾರೂ ಹಣಿಕಿ ಹಾಕುವುದಿಲ್ಲ ಎಂಬ ಹೊಟ್ಟೆಕಿಚ್ಚು ಅವರಿಗೆ ಮೊದಲಿನಿಂದಲೂ ಇತ್ತು. ಈ ಸಲ ಗಣಪತಿಯ ಎದುರಿಗೆ ಜೋರು ದೇಖಾವೆ ಆಗಬೇಕು: ಗೊಂಬೆ ನಿಲ್ಲಿಸಿ, ದೀಪ ಬಿಟ್ಟು, ಧ್ವನಿವರ್ಧಕದ ಕರ್ಣೆಯಲ್ಲಿ ಕಥೆ ಹೇಳಿಸುವ ದೃಶ್ಯ. ವಿಷಯ ಮೊಬೈಲಿನಲ್ಲಿ ತಾನಾಗಿಯೇ ಬಂದಿತ್ತು. ದಶಾವತಾರ ಅಂದರೆ ಉತ್ಕ್ರಾಂತಿಯೇ. ಮೊದಲು ಮೀನು, ಆಮೇಲೆ ಆಮೆ, ಆಮೇಲೆ ಹಂದಿ, ಅರ್ಧ ಸಿಂಹ, ಕಡೆಗೆ ಮನುಷ್ಯ. ನಮ್ಮ ಹಿರಿಯರಿಗೆ ಇದೆಲ್ಲ ಮೊದಲೇ ಗೊತ್ತಿತ್ತು. ತಲೆತಲಾಂತರದಿಂದ ಶಿವನ ಮನೆಯವರಾದ ಅಪ್ಪಣ್ಣಕಾಕಾರಿಗೆ ವಿಷ್ಣುವಿನ ಹತ್ತೂ ಅವತಾರಗಳ ಮೇಲೆ ಒಂದೇ ರಾತ್ರಿಯಲ್ಲಿ ಪ್ರೀತಿ ಉಕ್ಕಿತು.

'ದೇವರು ಮಾಡಿದಾ ಅಂತ ನಾವ್ ಅಂತೀವಿ, ಮಂಗ್ಯಾ ಇದ್ದಂವಾ ಮನಷ್ಯಾ ಆದಾ ಅಂತ ನಿಮ್ಮ ಪುಸ್ತಕ ಅಂತೈತಿ. ಜಗಳಾ ಯಾಕ ಬೇಕು? ಎರಡೂ ಕೂಡಿಸಿಬಿಡೂಣು,' ಅಂದರು, ಅಣ್ಣತಮ್ಮಂದಿರ ಹೊಲದ ತಂಟೆ ಬಗೆಹರಿಸಿದವರ ಧಾಟಿಯಲ್ಲಿ. 'ಕಥಿ ನಾ ಬರಸೇನಿ. ದನಿ ನಿಂದು. ವಿಜ್ಞಾನದ ಮ್ಯಾಡಮ್ ಹೇಳಿದ್ರ ಮಂದಿ ನಂಬ್ತಾರ. ಆಗೂದಿದ್ರ ಮಾಡು, ಇಲ್ಲಂದ್ರ ಬಿಡು.'

'ಅದು ಹಂಗಿಲ್ರಿ ಮಾವಾರ,' ಅಂದಳು ಸುಮನ. 'ಉತ್ಕ್ರಾಂತಿ ಅಂದ್ರ ಯಾರೋ ಮೊದಲ ಯೋಚಿಸಿ, ಠರಾಸಿ ಮಾಡಿದ್ದಲ್ರಿ. ಮ್ಯಾಲ ಹತ್ತಗೋತ ಬಂದದ್ದೂ ಅಲ್ಲ.'

ಅಪ್ಪಣ್ಣಕಾಕಾ ಕಣ್ಣು ಮುಚ್ಚಿ ಪೂರ್ತಿ ಕೇಳಿಸಿಕೊಂಡರು. ಇನ್ನೊಂದು ಕಪ್ಪು ಚಹಾ ತರಿಸಿದರು. 'ಛಲೋ ಹೇಳಿದಿ. ಅದನ್ನೂ ಸೇರಸೂಣು,' ಅಂದರು. ಸೇರಿಸಲಿಲ್ಲ. ನನಗೆ ಕೇಳಿದರೆ ಬೈದು ಬಾಯಿ ಮುಚ್ಚಿಸುವವರೇ ವಾಸಿ. ಅವರ ಎದುರು ಒಂದು ದಿನವಾದರೂ ಬಾಯಿ ತೆರೆಯುವ ಹುಮ್ಮಸ್ಸು ಬಂದೀತು.

ಸ್ಟುಡಿಯೋದಲ್ಲಿ ಅರ್ಧ ತಾಸಿನ ಕೆಲಸ. ಒಂದೂವರೆ ಹಾಳೆ. ಒಂದು ಸಾಲಿನಲ್ಲಿ ಮಾತ್ರ ಸುಮನಳ ನಾಲಿಗೆ ತಡೆಯಿತು. ಮರಾಠಿಯಲ್ಲಿದ್ದ ಆ ಸಾಲನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ: 'ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಲ್ಲಿ ನಿಂತ ಇವನನ್ನು ನೋಡಿ, ದೇವರ ಕೈಯಲ್ಲಿ ಇನ್ನೂ ಪೂರ್ತಿ ತಯಾರಾಗದ ಅರ್ಧ ಪಶು.' ಅಲ್ಲಿ ನಿಲ್ಲುವುದು ಒಂದು ಗೊಂಬೆ ತಾನೆ, ಗೊಂಬೆಗೆ ಏನು ಬೇಜಾರು ಅಂದುಕೊಂಡು ಓದಿ ಮುಗಿಸಿದಳು. ತಪ್ಪು ಆದದ್ದು ಅಲ್ಲೇ. ಅದನ್ನು ಅವಳು ಆಮೇಲೆ ಯಾರ ತಲೆಗೂ ಕಟ್ಟಲಿಲ್ಲ.

ಗಣಪತಿ ಕೂತ ದಿನ ಸಂಜೆ ದೇಖಾವೆ ಶುರುವಾಯಿತು. ಎಡಗಡೆ ಹತ್ತು ಅವತಾರದ ಗೊಂಬೆಗಳು. ಬಲಗಡೆ ನಾಲ್ಕು ದೊಡ್ಡ ಮೆಟ್ಟಿಲು, ಅವುಗಳ ಮೇಲೆ ಗೊಂಬೆಗಳಿಲ್ಲ, ಜೀವಂತ ಮನುಷ್ಯರು. ಜೀವಂತ ದೇಖಾವೆಗೆ ಮಂದಿ ಹೆಚ್ಚು ಬರುತ್ತಾರೆಂದು ಕಡೆಯ ಗಳಿಗೆಯಲ್ಲಿ, ಸುಮನಳಿಗೆ ಹೇಳದೆ, ಬದಲಾಗಿತ್ತು. ಮೇಲಿನ ಮೆಟ್ಟಿಲಲ್ಲಿ ಬಿಳಿ ಜುಬ್ಬಾ ತೊಟ್ಟು, ಕೈಯಲ್ಲಿ ಲ್ಯಾಪ್‌ಟಾಪ್ ಹಿಡಿದು, 'ಇಂದಿನ ಮನುಷ್ಯ'ನಾಗಿ ನಿಂತಿದ್ದವನು ಸುಮನಳ ಒಂಬತ್ತು ವರ್ಷದ ಮಗ ಕಿಶೋರ. ಎಲ್ಲಕ್ಕಿಂತ ಕೆಳಗೆ, ಸೊಂಟಕ್ಕೆ ಗೋಣಿತಟ್ಟು ಸುತ್ತಿ, ಮೈಗೆಲ್ಲ ಕಪ್ಪು ಬಳಿದುಕೊಂಡು ನಿಂತಿದ್ದವನು ಶಿದ್ರಾಮ. ಚೀಲ ಹೊತ್ತು ಹೊತ್ತು ಬಾಗಿದ ಬೆನ್ನು. ಬೇರೆ ವೇಷ ಬೇಕಾಗಿರಲಿಲ್ಲ. ಕರ್ಣೆಯಲ್ಲಿ ಸುಮನಳ ದನಿ ಆ ಸಾಲಿಗೆ ಬಂದದ್ದೇ ಕೆಂಪು ದೀಪ ಅವನ ಮೇಲೆ ಬಿತ್ತು. ಅವನು ಹೇಳಿಕೊಟ್ಟ ಹಾಗೆ ಇನ್ನಷ್ಟು ಬಗ್ಗಿ ಎರಡೂ ಕೈ ಜೋತುಬಿಟ್ಟ. ಮಂದಿ ನಕ್ಕರು, ಚಪ್ಪಾಳೆ ಹೊಡೆದರು.

ಸುಮನಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮುಂದಿನ ಸಾಲಿನಲ್ಲಿ ಪ್ರಣಾಲಿ ತಾಯಿಯ ಪಕ್ಕ ಕೂತಿದ್ದಳು.

ಮರುದಿನ ಬಸ್ಸಿನಲ್ಲಿ ಹುಡುಗಿ ಪಕ್ಕಕ್ಕೆ ಕೂತಳು, ಮಾತಾಡಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ, ಬಸ್ಸು ಮಿರಜ್ ಮುಟ್ಟುವ ಹೊತ್ತಿಗೆ, ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು.

'ಮ್ಯಾಡಮ್, ಆ ಒಂದ ವಾಕ್ಯಾ ತಗಸ್ರಿ.'

'ಅದು ನಾಟಕಾ ಪ್ರಣಾಲಿ.'

'ದನಿ ನಿಮ್ದ ಐತಿ. ಪಪ್ಪಾಗ ನಾ ಹೇಳಿದ್ದೆ, ಕೆಳಗ ಯಾರೂ ಇಲ್ಲ, ಮ್ಯಾಡಮ್ ಹೇಳ್ಯಾರ ಅಂತ. ಈಗ ಪಪ್ಪಾ ಅಂತಾನ, ಇದೂ ಅವರ ಹೇಳ್ಯಾರಲಾ.'

ಸುಮನ ಹುಡುಗಿಯ ಕೈ ಹಿಡಿದಳು. 'ತಗಸ್ತೇನಿ. ನನ್ನ ಬಾಯಿಲೆ ಇನ್ನ ಆ ಮಾತ ಬರೂದಿಲ್ಲ,' ಅಂದಳು. ಅನ್ನುವಾಗ ಅವಳಿಗೆ ಅದು ಕಷ್ಟದ ಕೆಲಸ ಅನ್ನಿಸಿರಲಿಲ್ಲ.

ಸಂಜೆ ಮಾವನೆದುರು ನಿಂತಳು. ಚಹಾ ಬಂತು. 'ಅದರಾಗ ಏನ್ ತಪ್ಪೈತಿ?' ಅಂದರು ಅಪ್ಪಣ್ಣಕಾಕಾ. 'ಆದಿಮಾನವಗ ಅಂದದ್ದು, ಶಿದ್ರಾಮಗ ಅಂದದ್ದಲ್ಲ. ಆದ್ರೂ ಅಂವಗ ಬ್ಯಾಸರಾ ಇದ್ರ ಈಗ ತಗಸೂಣು.' ಅವನನ್ನು ಕರೆಸಿಯೇಬಿಟ್ಟರು. ಶಿದ್ರಾಮ ಬಂದು ಬಾಗಿಲ ಹೊರಗೆ ನಿಂತ. ಕಿವಿಯ ಹಿಂದೆ ಇನ್ನೂ ಕಪ್ಪು ಬಣ್ಣ ಉಳಿದಿತ್ತು.

'ಶಿದ್ರಾಮಾ, ವೈನಿ ಕೇಳ್ತಾರ. ನಿನಗೇನರ ಬ್ಯಾಸರಾ ಐತೇನು? ಇದ್ರ ಹೇಳು, ನಾಳಿಂದ ನಿಂದ್ರೂದ ಬ್ಯಾಡ.'

ಶಿದ್ರಾಮ ಒಮ್ಮೆ ಸುಮನಳನ್ನು ನೋಡಿದ, ಒಮ್ಮೆ ಗೋದಾಮಿನ ಕಡೆ, ಅದರ ಹಿಂದಿನ ಖೋಲಿಯ ಕಡೆ. ಆಮೇಲೆ ನಕ್ಕ. 'ಎಲ್ಲೀ ಬ್ಯಾಸರಾ ಸಾವ್ಕಾರ. ಚೀಲಾ ಹೊರೂದಕ್ಕಿಂತ ಹಗರ ಐತಿ.'

'ನೋಡಿದೀ?' ಅಂದರು ಅಪ್ಪಣ್ಣಕಾಕಾ ಸೊಸೆಗೆ, ಬಹಳ ಪ್ರೀತಿಯಿಂದ.

ಗಂಡ ಬಸವಪ್ರಸಾದನಿಗೆ ಹೇಳಿದಳು. ಅವನು ಮೊಬೈಲಿನಿಂದ ತಲೆ ಎತ್ತದೆ, 'ಹತ್ತ ದಿವಸದ ಮಾತು, ಮುಗದ ಹೋಗ್ತೈತಿ,' ಅಂದ. ಅತ್ತೆಗೆ ಹೇಳಿದಳು. ನೀಲಾಬಾಯಿಯ ತಕರಾರೇ ಬೇರೆ ಇತ್ತು. 'ನಮ್ಮನ್ನ ಶಿವಾ ಮಾಡ್ಯಾನ. ಆ ಮಂಗ್ಯಾ ಪಂಗ್ಯಾ ಎಲ್ಲಾ ತಗದ ಒಗೀರಿ ಅಂತ ನಾನೂ ಹೇಳಿದ್ನಿ, ನನ್ನ ಮಾತ ಯಾರ್ ಕೇಳ್ತಾರ?' ಎಂದು ಅವರೇ ಸೊಸೆಯ ಮುಂದೆ ದೂರಿಕೊಂಡರು.

ಕರ್ಣೆ ಕಟ್ಟಿದ್ದು ಅವರ ಮನೆಯ ಕಟ್ಟೆಯ ಎದುರಿನ ಕಂಬಕ್ಕೆ. ಸಂಜೆ ಆರಕ್ಕೆ ಶುರುವಾದರೆ ಕಾಲು ತಾಸಿಗೊಮ್ಮೆ ಅವಳದೇ ದನಿ. ಕಿಟಕಿ ಮುಚ್ಚಿದಳು, ಮಿಕ್ಸರ್ ಹಚ್ಚಿದಳು, ನೀರು ಬಿಟ್ಟಳು; ಎಲ್ಲದರ ಮೇಲಿಂದ ದನಿ ಒಳಗೆ ಬಂದಿತು. ಆರನೆಯ ದಿನಕ್ಕೆ ಓಣಿಯ ಹುಡುಗರಿಗೆಲ್ಲ ಆ ಕಥೆ ಬಾಯಿಪಾಠ. ಹಾಲು ಹಾಕುವವನೂ ಆ ಸಾಲು ಹೇಳಿ ನಗುತ್ತಿದ್ದ. ಕಿಶೋರ ಸ್ನಾನ ಮಾಡುವಾಗ ತಾಯಿಯ ದನಿಯನ್ನೇ ಅಣಕಿಸುತ್ತ ಇಡೀ ಒಂದೂವರೆ ಹಾಳೆ ಒಪ್ಪಿಸುತ್ತಿದ್ದ. ಶಾಲೆಯಲ್ಲಿ ಸಹ ಶಿಕ್ಷಕಿ ಮನಿಷಾ, 'ಛಂದ ಹೇಳೀರಿ ಹಾಂ, ನಮ್ಮ ಮನಿಯವರಿಗೆ ಈಗ ಉತ್ಕ್ರಾಂತಿ ಖರೇ ಅನಿಸ್ತು,' ಅಂದಳು. ವರ್ಷಗಟ್ಟಲೆ ಬೋರ್ಡಿನ ಮುಂದೆ ನಿಂತು ಒಪ್ಪಿಸಲಾಗದ್ದನ್ನು ಸುಮನ ಈಗ ಸಾಂಗಲಿಗೆಲ್ಲ ಒಪ್ಪಿಸಿಬಿಟ್ಟಿದ್ದಳು. ಒಪ್ಪಿಸಿದ್ದು ಮಾತ್ರ ಬೇರೆಯದು.

ಪ್ರಣಾಲಿ ಈಗ ಬಸ್ಸಿನಲ್ಲಿ ಹಿಂದಿನ ಸೀಟಿಗೆ ಹೋಗುತ್ತಿದ್ದಳು.

ಒಂಬತ್ತನೆಯ ದಿನ ಪರೀಕ್ಷಕರು ಬರುವ ಸಂಜೆ. ಊರಿನ ಎಲ್ಲ ಮಂಡಳಗಳ ದೇಖಾವೆ ನೋಡಿ ಬಹುಮಾನ ಕೊಡುವವರು, ಮಿರಜಿನಿಂದ ಮೂವರು. ಅವರು ಬಂದು ಕುರ್ಚಿಯಲ್ಲಿ ಕೂತರು, ದೀಪ ಆರಿದವು, ದನಿ ಮಾತ್ರ ಬರಲಿಲ್ಲ. ಪೆನ್ ಡ್ರೈವ್ ಕೈ ಕೊಟ್ಟಿತ್ತು. ಸ್ಟುಡಿಯೋದವನ ಫೋನು ಬಂದ್. ಅಪ್ಪಣ್ಣಕಾಕಾ ಗಡಿಬಿಡಿ ಮಾಡಲಿಲ್ಲ. ಮನೆಯಿಂದ ಸೊಸೆಯನ್ನು ಕರೆಸಿ ಮೈಕು, ಹಾಳೆ ಕೈಗೆ ಕೊಟ್ಟರು.

'ನೀನ ಹೇಳಿಬಿಡು. ದನಿ ಅದ ಅಲಾ.'

ಸುಮನ ಹಾಳೆಯಲ್ಲಿ ಆ ಸಾಲು ಎಲ್ಲಿದೆಯೆಂದು ನೋಡಿಕೊಂಡಳು. ಅವಳಿಗೆ ಹೆದರಿಕೆಯಷ್ಟೇ ಅಲ್ಲ, ಸಂತೋಷವೂ ಇತ್ತು. ಒಂಬತ್ತು ದಿನ ಯಂತ್ರದೊಳಗೆ ಸಿಕ್ಕಿಬಿದ್ದಿದ್ದ ಅವಳ ದನಿ ಈಗ ಅವಳ ಗಂಟಲಿಗೆ ಮರಳಿ ಬಂದಿತ್ತು. ಆ ಸಾಲು ಹೇಳಬಾರದು. ಅದರ ಜಾಗದಲ್ಲಿ ಹೇಳುವುದು ಅವಳ ಬಳಿ ಸಿದ್ಧವಿತ್ತು: ಇಲ್ಲಿ ಮೇಲಿಲ್ಲ, ಕೆಳಗಿಲ್ಲ, ನಾವೆಲ್ಲ ಒಂದೇ ಮರದ ಟೊಂಗೆಗಳು. ಇಷ್ಟೇ. ಹೇಳಲು ಒಂದು ಉಸಿರು ಸಾಕು. ಮುಂದಿನ ಸಾಲಿನಲ್ಲಿ ಸೀತವ್ವ ಗಂಡನ ಅಂಗಿ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಪ್ರಣಾಲಿ. ಮೈಕು ಹಿಡಿದ ಮ್ಯಾಡಮ್ಮನನ್ನು ಕಂಡು ಹುಡುಗಿ ನೆಟ್ಟಗೆ ಕೂತಳು. ಎಷ್ಟೋ ದಿನಗಳ ಮೇಲೆ ಅವಳು ಸುಮನಳ ಮುಖವನ್ನು ನೇರವಾಗಿ ನೋಡುತ್ತಿದ್ದಳು.

ಸುಮನ ಓದಿದಳು. ಮೀನಿಗೆ ದೀಪ ಬಿತ್ತು, ಆಮೆಗೆ ಬಿತ್ತು, ಹಂದಿಗೆ ಬಿತ್ತು. ದನಿ ನಡುಗಲಿಲ್ಲ. ಬಲಗಡೆಯ ಮೆಟ್ಟಿಲ ಮೇಲೆ ಬೆಳಕು ಬಂತು. ಆ ಸಾಲಿನ ಹತ್ತಿರ ಬಂದು ಅವಳು ಹಾಳೆಯಿಂದ ತಲೆ ಎತ್ತಿದಳು.

ಎದುರಿಗೆ ಅಪ್ಪಣ್ಣಕಾಕಾ ನಿಂತಿದ್ದರು. ಕಣ್ಣು ಕೆಂಪು ಮಾಡಿದ್ದರೆ ಅವಳು ಹೇಳಿಯೇಬಿಡುತ್ತಿದ್ದಳೋ ಏನೋ. ಅವರು ಮುಗುಳ್ನಕ್ಕು, ಹೇಳವ್ವಾ, ಎಲ್ಲಾ ಛಲೋ ನಡದೈತಿ ಎನ್ನುವ ಹಾಗೆ ಮೆಲ್ಲಗೆ ತಲೆಯಾಡಿಸಿದರು. ಅಷ್ಟಕ್ಕೇ ಸುಮನ ಮತ್ತೆ ಹಾಳೆಯತ್ತ ಕಣ್ಣಿಳಿಸಿದಳು. ಆ ಕೆಟ್ಟ ಸಾಲು ಹೊರಡಲಿಲ್ಲ, ಒಳ್ಳೆಯದೂ ಹೊರಡಲಿಲ್ಲ. ಮೈಕಿನಲ್ಲಿ ಬರೀ ಅವಳ ಉಸಿರು ಕೇಳುತ್ತಿತ್ತು.

ಅಮ್ಮ ಮರೆತಳು ಅಂದುಕೊಂಡ ಕಿಶೋರ. ಪಾಪ, ಪರೀಕ್ಷಕರ ಮುಂದೆ ಅಮ್ಮನಿಗೆ ಅವಮಾನ ಆಗಬಾರದಲ್ಲ. ಮೇಲಿನ ಮೆಟ್ಟಿಲಿಂದ ಬಗ್ಗಿ, 'ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಲ್ಲಿ...' ಎಂದು ಎತ್ತಿಕೊಟ್ಟ. ಎದುರಿಗೆ ನೆಲದ ಮೇಲೆ ಕೂತ ಹುಡುಗರು ಅದನ್ನು ಹಿಡಿದುಕೊಂಡರು. ಅವರ ಹಿಂದಿನ ಹೆಂಗಸರು ಸೇರಿಸಿದರು, ಕಟ್ಟೆಯ ಮೇಲಿನ ಗಂಡಸರು ಸೇರಿಸಿದರು. ಇಡೀ ಓಣಿ ಒಂದೇ ದನಿಯಲ್ಲಿ, ಸುಮನ ಎಲ್ಲಿ ಎಳೆದಿದ್ದಳೋ ಅಲ್ಲಿ ಎಳೆದು, ಎಲ್ಲಿ ನಿಲ್ಲಿಸಿದ್ದಳೋ ಅಲ್ಲಿ ನಿಲ್ಲಿಸಿ, 'ಅರ್ಧ ಪಶು' ಎಂಬಲ್ಲಿಗೆ ಮುಗಿಸಿತು. ಕೆಂಪು ದೀಪ ಬಿತ್ತು. ಶಿದ್ರಾಮ ಬಗ್ಗಿ ಎರಡೂ ಕೈ ಜೋತುಬಿಟ್ಟ.

'ಮಂದಿ ಬಾಯಾಗ ಕುಂತೈತಿ ಬಿಡ್ರಿ,' ಅಂದರು ಪರೀಕ್ಷಕರಲ್ಲಿ ಹಿರಿಯರಾದ ಪಾಯಪ್ಪನವರು, ಏನೋ ಬರೆದುಕೊಳ್ಳುತ್ತ. 'ಮ್ಯಾಡಮ್ ಭಾಳ ಛಂದ ಕಲಿಸ್ಯಾರ.'

ಕೊಟ್ಟ ಮಾತಿಗೆ ಸುಮನ ತಪ್ಪಿರಲಿಲ್ಲ. ಅವಳ ಬಾಯಿಂದ ಅದು ಬಂದಿರಲಿಲ್ಲ. ಅಷ್ಟನ್ನಾದರೂ ಹುಡುಗಿ ಕಂಡಿರಬಹುದೆಂದು ಪ್ರಣಾಲಿಯತ್ತ ನೋಡಿದಳು. ಪ್ರಣಾಲಿ ಅವಳನ್ನು ನೋಡುತ್ತಿರಲಿಲ್ಲ. ಬಾಗಿದ ಅಪ್ಪನ ಬೆನ್ನನ್ನು ನೋಡುತ್ತಿದ್ದಳು. ಆಮೇಲೆ ತಾಯಿಯ ಮಡಿಲಿಂದ ಅಂಗಿಯನ್ನು ತೆಗೆದುಕೊಂಡು ತನ್ನ ಮಡಿಲಲ್ಲಿ ಇಟ್ಟುಕೊಂಡಳು.

ಉಳಿದ ಅರ್ಧ ಹಾಳೆಯನ್ನು ಸುಮನ ಹೇಗೆ ಓದಿ ಮುಗಿಸಿದಳೋ ಅವಳಿಗೇ ಗೊತ್ತಿಲ್ಲ. ಚಪ್ಪಾಳೆ ಬಿತ್ತು. ಪರೀಕ್ಷಕರು ಎದ್ದು ಹೋದರು. ಓಣಿಯ ತುದಿಯ ತನಕ ಹೊಸ ಮಂದಿ ಬಂದು ನಿಂತಿತ್ತು. ಅಪ್ಪಣ್ಣಕಾಕಾ ಇಷ್ಟು ವರ್ಷ ಬಯಸಿದ ಜನಜಂಗುಳಿ. ಅವರು ಕೈಯಲ್ಲಿ ಚಹಾದ ಕಪ್ಪು ಹಿಡಿದು ಸೊಸೆಯ ಹತ್ತಿರ ಬಂದರು.

'ದಣದೀ ಏನವ್ವಾ? ಪೆನ್ ಡ್ರೈವ್ ಇನ್ನೂ ನಡೀವಲ್ದು. ಮಂದಿ ಭಾಳ ಐತಿ, ಇನ್ನೊಮ್ಮೆ ಹೇಳ್ತಿ? ಆಗೂದಿದ್ರ ಹೇಳು, ಇಲ್ಲಂದ್ರ ಬಿಡು.'

ಕೆಳಗಿನ ಮೆಟ್ಟಿಲಲ್ಲಿ ಶಿದ್ರಾಮ ಬೆನ್ನು ನೆಟ್ಟಗೆ ಮಾಡಿ, ಬೆವರು ಒರೆಸಿಕೊಂಡು, ಯಾವಾಗ ಶುರುವಾಗುತ್ತದೆಂದು ಇತ್ತ ನೋಡುತ್ತಿದ್ದ. ಸುಮನ ಹಾಳೆ ತಿರುವಿ ಮೊದಲಿನ ಸಾಲಿಗೆ ಬಂದಳು.