ಯಾರೊಳಗೆ ಮೇಷ್ಟ್ರು

ಅಪರೂಪ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಅವರು ಎಲ್ಲಿದ್ದರೂ ನಿಂತು, ಕತ್ತು ಓರೆ ಮಾಡಿ, "ಯಾರೊಳಗೆ?" ಎಂದು ಕೇಳುತ್ತಿದ್ದರು. ಅಪರೂಪದ ಹೂವೆಂದರೂ ಅದೇ ಪ್ರಶ್ನೆ, ಅಪರೂಪದ ಕಾಯಿಲೆಯೆಂದರೂ ಅದೇ ಪ್ರಶ್ನೆ. ಹೀಗಾಗಿ ನಮ್ಮ ಪ್ರಯೋಗಾಲಯದಲ್ಲಿ ಅವರಿಗೆ ಯಾರೊಳಗೆ ಮೇಷ್ಟ್ರು ಎಂಬ ಹೆಸರೇ ನಿಂತುಬಿಟ್ಟಿತ್ತು. ಒಮ್ಮೆ ಅವರ ಹೆಂಡತಿ ನನ್ನೆದುರಿಗೇ, "ಇಂಥ ಗಂಡ ಸಿಗೋದು ಅಪರೂಪ" ಎಂದು ರೇಗಿದಾಗಲೂ ಇವರ ಕತ್ತು ಓರೆಯಾಯಿತು. "ಬುದ್ಧಿ ನೆಟ್ಟಗಿರೋರೊಳಗೆ!" ಎಂದು ಆಕೆ ದಢಾರನೆ ಬಾಗಿಲು ಎಳೆದುಕೊಂಡರು. "ಈಗ ಮಾತು ಪೂರ್ತಿಯಾಯ್ತು" ಎಂದು ಮೇಷ್ಟ್ರು ಪರಮ ತೃಪ್ತಿಯಿಂದ ತಲೆಯಾಡಿಸಿದರು.

ಒಣಕಲು ಶರೀರ, ಗೋಡೆಯನ್ನು ಸವರಿಕೊಂಡೇ ಸಾಗುವ ನಡಿಗೆ. ನಡುದಾರಿಯಲ್ಲಿ ನಡೆದರೆ ಯೋಚನೆ ಚೆಲ್ಲಿಹೋದೀತೆಂಬ ಭಯವೋ ಏನೋ, ಅವರ ಬಿಳಿಯ ಕೋಟಿನ ಬಲತೋಳು ಗೋಡೆಗೆ ಉಜ್ಜಿ ಉಜ್ಜಿ ಬಲೆಯಷ್ಟು ತೆಳುವಾಗಿತ್ತು. ಗುರುತು ಸಿಗದ ದೇಹಗಳನ್ನು ಡಿಎನ್‌ಎಯಿಂದ ಪತ್ತೆಹಚ್ಚುವುದು ಅವರ ವೃತ್ತಿ. ಅವರ ವರದಿಗಳನ್ನು ಟೈಪು ಮಾಡುವುದು ನನ್ನದು. ಡಿಎನ್‌ಎಯ ಯಾವ ಗುರುತು ಎಷ್ಟು ಜನರಲ್ಲಿದೆ ಎಂಬ ಪಟ್ಟಿಯೊಂದು ನಮ್ಮಲ್ಲಿತ್ತು. ಪಟ್ಟಿಯಲ್ಲಿ ವಿರಳವಾದ ಗುರುತುಗಳು ದೇಹದಲ್ಲೂ ಅದನ್ನು ಕೇಳಿಬಂದ ತಾಯಿಯಲ್ಲೂ ಕಂಡವೆಂದರೆ ಸಂಬಂಧ ಗಟ್ಟಿ ಎಂದರ್ಥ.

ಒಂದು ಚಳಿಗಾಲ ದ್ವೀಪದ ದೋಣಿಯೊಂದು ಮಗುಚಿತು. ಅದರಲ್ಲಿದ್ದವರು ಇಬ್ಬರು ತರುಣರು. ನಾಲ್ಕು ವಾರ ಕಳೆದು ದಡಕ್ಕೆ ಬಂದದ್ದು ಮುಖಚಹರೆ ಅಳಿದ ಒಂದೇ ದೇಹ. ಅವರ ತಾಯಂದಿರು ಒಡಹುಟ್ಟಿದ ಅಕ್ಕತಂಗಿಯರು, ಅಣ್ಣತಮ್ಮಂದಿರನ್ನು ಮದುವೆಯಾಗಿ ವಾರಗಿತ್ತಿಯರೂ ಆದವರು. ಗಂಡಂದಿರು ಎಂದೋ ತೀರಿಕೊಂಡಿದ್ದರು. ತಂಗಿ ಹಾಸಿಗೆ ಹಿಡಿದಿದ್ದಳು. ಅಕ್ಕ ಬಂದು ಮಾದರಿ ಕೊಟ್ಟಳು. ಪರೀಕ್ಷಿಸಿದ ಹದಿನೈದು ಗುರುತುಗಳಲ್ಲೂ ಆಕೆಗೂ ದೇಹಕ್ಕೂ ಹೊಂದಿಕೆಯಾಯಿತು. ಇಂಥ ಹೊಂದಿಕೆ ಲಕ್ಷಕ್ಕೊಂದು ಅಪರೂಪ ಎಂದ ಮೇಲಧಿಕಾರಿಗಳು ರುಜುವಿಗೆ ಪೆನ್ನು ತೆರೆದರು. ಮೇಷ್ಟ್ರು ಬಾಯಿ ತೆರೆದರು.

"ಪಟ್ಟಿ ಇರೋದು ಪೇಟೆಯವರದು ಸಾರ್. ಹೋದೋನು ದ್ವೀಪದೋನು."

"ಆ ತಾಯಿ ಹೊರಗೆ ಕೂತಿದಾಳ್ರೀ. ಇನ್ನೆಷ್ಟು ದಿನ ಕಾಯಿಸ್ತೀರಿ?"

"ತಪ್ಪು ದೇಹ ಕೊಟ್ರೆ ಇಬ್ರೂ ಬದುಕಿರೋವರ್ಗೂ ಒಬ್ಬರ ಮಗನಿಗೆ ಇನ್ನೊಬ್ರು ಅಳ್ತಾ ಕೂರ್ಬೇಕಾಗುತ್ತೆ."

ಹಿಡಿದ ಹಟ ಬಿಡುವ ಆಸಾಮಿಯಲ್ಲ. ಮರುದಿನವೇ ಹತ್ತಿಕಡ್ಡಿಗಳ ಡಬ್ಬಿಯನ್ನು ನನ್ನ ಕೈಗಿತ್ತು, ನನ್ನನ್ನೂ ಕರೆದುಕೊಂಡು ದ್ವೀಪಕ್ಕೆ ಹೊರಟರು. ಅಲ್ಲಿದ್ದದ್ದು ತಲೆಮಾರುಗಳಿಂದ ತಮ್ಮತಮ್ಮಲ್ಲೇ ಹೆಣ್ಣು ಕೊಟ್ಟು ತಂದ ನಲವತ್ತು ಮನೆಗಳು. "ಇಲ್ಲಿ ಕಲ್ಲೆಸೆದ್ರೆ ನೆಂಟರ ಮೇಲೇ ಬೀಳೋದು" ಎಂದು ದೋಣಿ ರಿಪೇರಿ ಮಾಡುವ ಮುದುಕ ಹೇಳಿದ್ದೇ ತಡ, ಮೇಷ್ಟ್ರ ಕಣ್ಣು ಅರಳಿತು. ಕಟ್ಟೆಯ ಮೇಲೆ ಕುಳಿತು ಒಬ್ಬೊಬ್ಬರ ಕೆನ್ನೆಯೊಳಗೆ ಕಡ್ಡಿಯಾಡಿಸುತ್ತ, ನಿಮ್ಮಜ್ಜಿ ಯಾರ ಮನೆಯವರು, ಆಕೆಯ ಸೋದರತ್ತೆಯನ್ನು ಎಲ್ಲಿಗೆ ಕೊಟ್ಟಿದ್ದರು ಎಂದು ಊಟದ ಪರಿವೆಯಿಲ್ಲದೆ ಕೇಳುತ್ತಲೇ ಹೋದರು. ಆ ಕುತೂಹಲವನ್ನು ಕಂಡು ನನಗೆ ನಗುವೂ ಬಂತು, ಮತ್ಸರವೂ ಆಯಿತು.

ಅಷ್ಟರಲ್ಲಿ ಆ ಅಕ್ಕ ಬಂದು ಎದುರು ನಿಂತಳು. "ನನ್ನ ಮಗನ್ನ ಕೊಡೋಕೆ ಊರೋರ ಎಂಜಲೆಲ್ಲ ಯಾಕಯ್ಯಾ ನಿನಗೆ? ಹೆತ್ತೋಳು ಹೇಳಿದ್ರೆ ಸಾಲ್ದಾ?"

ಮೇಷ್ಟ್ರು ಎದ್ದು ನಿಂತರು. "ಸಾಲುತ್ತಮ್ಮ. ಆದ್ರೆ ಹೆತ್ತೋರು ಇಬ್ರಿದ್ದೀರಿ."

ಆಕೆ ಸರ್ರನೆ ಮನೆಗೆ ಹೊರಟುಹೋದಳು. ಸ್ವಲ್ಪ ಹೊತ್ತಿಗೆ ತಂಗಿಯ ರಟ್ಟೆ ಹಿಡಿದು ನಡೆಸಿಕೊಂಡು ಬಂದು, ಅವರೆದುರು ಕೂರಿಸಿ, "ಬಾಯಿ ತೆಗಿಯೇ" ಎಂದಳು.

ಪೇಟೆಯಲ್ಲಿ ನೂರಕ್ಕೊಬ್ಬರಲ್ಲಿದ್ದ ಗುರುತು ದ್ವೀಪದಲ್ಲಿ ಮೂವರಲ್ಲೊಬ್ಬರಿಗಿತ್ತು. ಒಂದೊಂದು ಗುರುತೂ ಹೀಗೆಯೇ ಸಸ್ತಾ ಆಗುತ್ತ, ಲಕ್ಷಕ್ಕೊಂದು ಎಂದದ್ದು ಹತ್ತಕ್ಕೊಂದಕ್ಕೆ ಇಳಿಯಿತು. ಮೇಷ್ಟ್ರು ಇನ್ನಷ್ಟು ಗುರುತುಗಳನ್ನು ತೆಗೆದು ನೋಡಿದಾಗ ಅಕ್ಕ ನಾಲ್ಕು ಕಡೆ ತಪ್ಪಿದಳು. ತಂಗಿ ಒಂದರಲ್ಲೂ ತಪ್ಪಲಿಲ್ಲ.

ವರದಿಯನ್ನು ಅಂಚೆಯಲ್ಲಿ ಕಳಿಸಬಹುದಿತ್ತು. ಮೇಷ್ಟ್ರು ತಾವೇ ಒಯ್ದರು; ನಾನೂ ಜೊತೆಗೆ ಹೋದೆ. ಅಕ್ಕ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. "ಹಾಗಾದ್ರೆ ನನ್ನೋನು?"

"ಇನ್ನೂ ಸಿಕ್ಕಿಲ್ಲಮ್ಮ. ಸಿಕ್ಕಿದ್ರೆ ನಿಮ್ಮ ಮಗ ಅಂತ್ಲೇ ಬರ್ತಾನೆ. ಅವನ ಜಾಗದಲ್ಲಿ ಬೇರೆಯವರನ್ನ ಮಲಗಿಸಿಲ್ಲ ನಾವು."

ಆಕೆ ಶಪಿಸುತ್ತಾಳೆಂದುಕೊಂಡೆ. ಆಕೆ ಒಳಗೆ ಹೋಗಿ, ಗೋಡೆಗೊರಗಿದ್ದ ತಂಗಿಯ ತಲೆಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಮೇಷ್ಟ್ರು ಚಪ್ಪಲಿ ಮೆಟ್ಟಲು ಬಹಳ ಹೊತ್ತು ತೆಗೆದುಕೊಂಡರು.

ಎಲ್ಲದಕ್ಕೂ ಕೊಕ್ಕೆ ಹಾಕುವವರೆಂದು ಲೋಕ ಇಂಥವರನ್ನು ಹಂಗಿಸುತ್ತದೆ; ಅವರ ಜೊತೆ ಕೆಲಸ ಮಾಡಿದವರಿಗೆ ಲೋಕದ ಮಾತು ಪೂರ್ತಿ ಸುಳ್ಳೆಂದೂ ಅನ್ನಿಸುವುದಿಲ್ಲ. ಸಮಾಧಾನ ಹೇಳುವವರು ಬೀದಿಗೆ ಹತ್ತು ಮಂದಿ ಸಿಗುತ್ತಾರೆ. ನಿಜ ತಿಳಿಯುವ ತನಕ ಆ ಸಮಾಧಾನವನ್ನೂ ತಡೆಹಿಡಿದು, ಹೆತ್ತವರ ಬೈಗುಳಕ್ಕೆ ತಲೆಯೊಡ್ಡಿ, ಸತ್ತವನೊಬ್ಬನನ್ನು ಅವನೇ ಎಂದು ಹೇಳುವುದಕ್ಕಾಗಿ ಒಂದಿಡೀ ಊರನ್ನು ಅರಿಯಹೊರಡುವವರು ಕಡಿಮೆ. ಅಂಥವರು ನಮ್ಮ ದುಃಖವನ್ನು ಕಳೆಯಲಾರರು; ಅದು ನಮ್ಮದೇ ದುಃಖವಾಗಿ ಉಳಿಯುವಂತೆ ನೋಡಿಕೊಳ್ಳುತ್ತಾರೆ.