ಆಮೆನ್ ಅನ್ನುವ ತನಕ

ಯಲಹಂಕದ ರೈಲ್ವೆ ಗೇಟಿನಾಚೆ ಹಂಚಿನ ಪ್ರಾರ್ಥನಾಲಯವೊಂದಿತ್ತು. ಅಲ್ಲಿ ಸತ್ಯವತಿ ಟೀಚರ ಭಾನುವಾರದ ತರಗತಿಗೆ ಮೂರೇ ಕಟ್ಟಳೆ. ಬೇಕಾದ್ದನ್ನು ಬಾಯಿಬಿಟ್ಟು ಕೇಳಬೇಕು. ಕೇಳಿದ್ದು ಸಿಕ್ಕರೆ ಮರೆಯದೆ ಸ್ತೋತ್ರ ಹೇಳಬೇಕು. ಟೀಚರು 'ಆಮೆನ್' ಅನ್ನುವ ತನಕ ಕಣ್ಣು ಬಿಡಕೂಡದು. ಯಾವ ಮಗುವಾದರೂ ಏನಾದರೂ ಮರೆತರೆ ಟೀಚರು ಆಮೆನ್ ಅನ್ನದೆ ಸುಮ್ಮನೆ ಕಾಯುವರು. ಮಗು ಜ್ಞಾಪಿಸಿಕೊಂಡು ಸೇರಿಸುವುದು. ಮೂಗಿನ ಮೇಲೆ ನೊಣ ಕೂತರೂ ಆ ಹತ್ತು ಮಕ್ಕಳು ಮಿಸುಕುತ್ತಿರಲಿಲ್ಲ.

ಐವತ್ತೆಂಟನೇ ಇಸವಿಯ ಜುಲೈನಲ್ಲಿ ಹತ್ತು ಒಂಬತ್ತಾಯಿತು. ಟೀಚರ ಮಗಳು, ಆರು ವರ್ಷದ ಜಯಶೀಲ, ಟೈಫಾಯ್ಡ್ ಬಂದು ಮಲಗಿದಳು. ನಾಲ್ಕು ಭಾನುವಾರ ಮಕ್ಕಳೆಲ್ಲ ಅವಳ ಜ್ವರ ಬಿಡಿಸೆಂದು ಬೇಡಿದವು. ಐದನೆಯದಕ್ಕೆ ಅವಳಿರಲಿಲ್ಲ. ಹೆದರಿಯಾವೆಂದು ಚಿಕ್ಕವರನ್ನು ಯಾರೂ ಮಣ್ಣಿಗೆ ಕರೆತರಲಿಲ್ಲ.

ಸತ್ಯವತಿ ಅಳಲಿಲ್ಲ. ಬಂದವರು ದೇವರು ಕೊಟ್ಟ, ದೇವರೇ ತಕ್ಕೊಂಡ ಎಂದು ಹೇಳಿ, ಕಾಫಿ ಕುಡಿದು ಹೋದರು. ಹೇಳುವವರಿಗೇನು, ಅವರ ಮನೆಯಲ್ಲಿ ಊಟಕ್ಕೆ ಹಾಕುವ ತಟ್ಟೆ ಒಂದೂ ಕಡಿಮೆಯಾಗಿರಲಿಲ್ಲ. ಇವಳು ಕಸ ಗುಡಿಸಿದಳು, ಸಾರು ಕುದಿಸಿದಳು. ಉಪ್ಪು ಹಾಕಿದ್ದೋ ಬಿಟ್ಟಿದ್ದೋ ನಾಲಿಗೆಗೂ ತಿಳಿಯುತ್ತಿರಲಿಲ್ಲ. ಪ್ರಾರ್ಥನೆಗೆಂದು ಕಣ್ಣು ಮುಚ್ಚಿದರೆ ಒಣಗಿ ಸಿಪ್ಪೆ ಎದ್ದ ಆ ಪುಟ್ಟ ತುಟಿ ಕಾಣುತ್ತಿತ್ತು. ಅದಕ್ಕೇ ಮುಚ್ಚುವುದನ್ನೇ ಬಿಟ್ಟಳು. ಮಕ್ಕಳಿಗೆ ಕಣ್ಣು ಮುಚ್ಚಿಸಿ ತಾನು ಗೋಡೆ ನೋಡುತ್ತಾ ಕೂರುವಳು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಬಾಯಿ ಆಮೆನ್ ಅನ್ನುತ್ತಿತ್ತು, ಒಳಗೆ ಯಾರೂ ಅನ್ನುತ್ತಿರಲಿಲ್ಲ. ಕೊನೆಗೆ ಪಾದ್ರಿಗಳ ಬಳಿ ಹೋಗಿ, "ಇದೊಂದು ಭಾನುವಾರ ನೋಡ್ತೀನಿ ಅಯ್ಯನೋರೇ. ಆಗ್ದಿದ್ರೆ ಬೇರೆಯವರ್ನ ನೋಡ್ಕೊಳ್ಳಿ," ಎಂದಳು.

ಆ ಭಾನುವಾರ ಮಕ್ಕಳು ಚಾಪೆಯ ಮೇಲೆ ಕೈ ಮುಗಿದು ಕೂತವು. ದೇವಸಹಾಯ ತಮ್ಮ ಮೇಕೆಗೆ ಎರಡು ಮರಿ ಬೇಕೆಂದು ಕೇಳಿದ. ಸತ್ಯವತಿ ಆಮೆನ್ ಅಂದಳು, ಗೋಡೆ ನೋಡಿಕೊಂಡೇ. ಆಮೇಲೆ ಐದು ವರ್ಷದ ಎಸ್ತೇರಿಯ ಸರದಿ.

"ಸ್ವಾಮಿ, ಜಯಶೀಲನ ಜ್ವರ ಬುಡಿಸಿದ್ದಕ್ಕೆ ಸ್ತೋತ್ರ. ಈಗ ಅವ್ಳಿಗೆ ಜ್ವರ ಇಲ್ವಂತೆ, ನಿನ್ನತ್ರ ಆಯಾಗವ್ಳಂತೆ. ನಮ್ಮಜ್ಜಿ ಯೇಳ್ತು."

ಸತ್ಯವತಿ ಈಗ ಆಮೆನ್ ಅನ್ನಬೇಕಿತ್ತು. ಹಾಗೆಯೇ ಆಗಲಿ ಎಂದು ಅದರ ಅರ್ಥ ಹೇಳಿಕೊಟ್ಟವಳೂ ಅವಳೇ. ಇದಕ್ಕೆ ಹಾಗೆಯೇ ಆಗಲಿ ಎಂದು ಯಾವ ತಾಯಿ ಅಂದಾಳು? ಬಾಯಿ ಕೂಡ ಈ ಸಲ ಮಾತು ಕೇಳಲಿಲ್ಲ.

ಹೊರಗೆ ದೊಡ್ಡಬಳ್ಳಾಪುರದ ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು. ದೇವಸಹಾಯನ ಸಿಂಬಳ ಮೇಲ್ದುಟಿಗೆ ಇಳಿಯಿತು, ಅವನು ಒರೆಸಲಿಲ್ಲ. ಒಂಬತ್ತು ಜೊತೆ ಕಣ್ಣು ಬಿಗಿಯಾಗಿ ಮುಚ್ಚಿಯೇ ಇದ್ದವು. ಎದ್ದು ಹೊರಟುಬಿಡೋಣ ಅನ್ನಿಸಿತು ಅವಳಿಗೆ. ಹೊರಟರೆ ಈ ಮಕ್ಕಳು ಹೀಗೇ ಕೂತಿರುತ್ತವಲ್ಲ ಎಂದು ಕೂತಳು.

ಎಷ್ಟು ಹೊತ್ತಾದರೂ ಆಮೆನ್ ಕೇಳಿಸದೆ ಎಸ್ತೇರಿಗೆ ದಿಗಿಲಾಯಿತು. ತಾನು ಏನೋ ಮರೆತಿರಬೇಕು. ಹಣೆ ಗಂಟಿಕ್ಕಿ ಯೋಚಿಸಿದಳು. ಹೌದು, ಮುಖ್ಯವಾದದ್ದನ್ನೇ ಕೇಳಿರಲಿಲ್ಲ.

"ಈಗ ವುಸಾರಾಗವ್ಳಲ್ಲ ಸ್ವಾಮಿ," ಎಂದಳು, "ಬರೋ ವಾರ ಅವ್ಳನ್ನ ಕ್ಲಾಸಿಗೆ ಕಳ್ಸು."

"ಆಮೆನ್!" ಎಂದಳು ಸತ್ಯವತಿ.

ಎಷ್ಟು ಜೋರಾಗಿ ಅಂದಳೆಂದರೆ ಮಕ್ಕಳು ಬೆಚ್ಚಿ ಕಣ್ಣು ಬಿಟ್ಟವು. ಟೀಚರ ಕಣ್ಣು ಮುಚ್ಚಿತ್ತು. ಮುಚ್ಚಿದ ರೆಪ್ಪೆಯ ಕೆಳಗಿಂದ ನೀರು ಇಳಿದು ಗಲ್ಲಕ್ಕೆ ಬರುತ್ತಿತ್ತು, ಅವಳು ಒರೆಸಿಕೊಳ್ಳಲಿಲ್ಲ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡವು. ಯಾರು ಆಮೆನ್ ಅಂದರೆ ಟೀಚರು ಕಣ್ಣು ಬಿಡುತ್ತಾರೆಂದು ಅವುಗಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.