ಸಮುದ್ರ ಕಾಣದ ರೂಮು

ಬಸ್ ನಿಲ್ದಾಣದ ಎದುರು ಲಾಡ್ಜ್ ನಡೆಸುವ ನಮಗೆ, ಮದುವೆಯಾದ ಮೇಲೆ ಮೊದಲ ಸಲ ರಜೆಯ ಯೋಗ ಕೂಡಿಬಂದಿತ್ತು. ದ್ವೀಪಕ್ಕೇ ಹೋಗಬೇಕೆಂದು ನಾನು ಹಟ ಹಿಡಿದೆ. ಅಗ್ಗದ ರೂಮು ಹುಡುಕಲು ನಮ್ಮೆಜಮಾನರು ಫೋನು ಹಿಡಿದರು.

“ಕಿಟಕಿಯಿಂದ ಸಮುದ್ರ ಕಾಣತ್ತಂತೆ ಕಣೆ.”

“ನಮ್ಮ ಲಾಡ್ಜಿಂದ ಬೆಟ್ಟ ಕಾಣತ್ತೆ ಅಂತ ನಾವು ಹಾಕಿಲ್ವಾ? ನೀರಿನ ಟ್ಯಾಂಕ್ ಹತ್ತಿದ್ರೆ ತಾನೇ ಕಾಣೋದು!”

“ಇದು ನೋಡು, ಎಷ್ಟು ದೊಡ್ಡ ರೂಮು!”

“ಮೂಲೇಲಿ ಕುಕ್ಕರುಗಾಲಲ್ಲಿ ಕೂತು ತೆಗೆದ ಫೋಟೋ ರೀ ಅದು. ನಮ್ಮ ರೂಮಿಗೂ ನೀವು ಹಾಗೇ ತೆಗೆದಿದ್ದು.”

ಕೊನೆಗೊಂದು ಸಿಕ್ಕಿತು. ಫೋಟೋದಲ್ಲಿ ಒಂದು ಮಂಚ, ಒಂದು ಒಡಕು ಬಕೆಟ್ಟು. ಕೆಳಗೆ, ‘ಸಮುದ್ರ ಕಾಣುವುದಿಲ್ಲ. ಫ್ಯಾನು ಕಿರುಗುಟ್ಟುತ್ತದೆ.’ ಬಾಡಿಗೆಯೂ ಎಲ್ಲಕ್ಕಿಂತ ಕಡಿಮೆ. ನಮ್ಮ ಕಸುಬಿನಲ್ಲಿ ಇಂಥ ಸತ್ಯವಂತರನ್ನು ನಾನು ಕಂಡೇ ಇರಲಿಲ್ಲ. “ಇದೇ ಇರ್ಲಿ,” ಎಂದೆ.

ಹೋಗಿ ನೋಡಿದರೆ ಸಮುದ್ರ ಹೊಸ್ತಿಲಿಗೇ ಬಂದು ನಿಂತಿದೆ! ಫ್ಯಾನು ತುಟಿಪಿಟಕ್ಕೆನ್ನದೆ ತಿರುಗುತ್ತಿದೆ.

“ಏನಮ್ಮಾ ಇದು?” ಎಂದು ಮಾಲೀಕಳನ್ನು ಗದರಿಸಿಯೇ ಕೇಳಿದೆ.

“ಇರೋದನ್ನ ಇರೋ ಹಾಗೆ ಬರೆದ್ರೆ ಜನ ಮುಗಿಬೀಳ್ತಾರಕ್ಕ. ಒಬ್ಬಳೇ ಎಷ್ಟು ಬೆಡ್‌ಶೀಟ್ ಒಗೀಲಿ? ರೇಟ್ ಜಾಸ್ತಿ ಮಾಡಿದ್ರೆ ದೊಡ್ಡ ಮನುಷ್ಯರು ಬಂದು ಜೀವ ತಿಂತಾರೆ.”

ಸತ್ಯವಂತಳಂತೆ! ನಮಗಿಂತ ದೊಡ್ಡ ಸುಳ್ಳಿ.

ಹೊರಡುವ ದಿನ ಯಜಮಾನರು ಫೋನು ತೆಗೆದು, “ಜಾಗ ಹೇಗಿತ್ತು ಅಂತ ಬರೀಬೇಕಂತೆ. ಸ್ವರ್ಗ ಅಂತ ಬರೀಲಾ?” ಎಂದರು.

“ತಲೆ ನೆಟ್ಟಗಿದೆಯಾ ನಿಮಗೆ? ಸೊಳ್ಳೆ ಕಾಟ ಅಂತ ಬರೀರಿ. ಮುಂದಿನ ವರ್ಷ ನಮಗೆ ರೂಮ್ ಬೇಡ್ವಾ?”